ಊಟದ ಕೈ

೩ ಜುಲೈ ೧೯೬೧, ಸೋಮವಾರ

“ಮನೆ ಹಾರಿಹೋಗೋ ಹಾಗೆ ಕೂಗಾಡ್ಬೇಡ ಕಣೋ ಮಾದೇವ. ಪಕ್ಕದ್ಮನೆ ಮೇಷ್ಟ್ರು ಕಿಟಕಿ ಮುಚ್ಕೊಂಬುಟ್ರು. ಅದೇನಿದ್ಯೋ ಇದ್ರಲ್ಲಿ ಬರ್ಕೊ” ಎಂದು ವಸಂತಕ್ಕ ಈ ಪುಸ್ತಕವನ್ನು ಮೇಜಿನ ಮೇಲೆ ಕುಕ್ಕಿ ಹೋದಳು. ಬರೆಯುತ್ತೇನೆ. ಕಾಗದವಾದರೂ ಕಿಟಕಿ ಮುಚ್ಚಿಕೊಳ್ಳುವುದಿಲ್ಲ.

ಸೂಪರಿಂಟೆಂಡೆಂಟ್ ಶಿವರುದ್ರಪ್ಪ ಇವತ್ತು ಕರೆಸಿದ್ದರು. ಕೂತುಕೊಳ್ಳಿ ಎನ್ನುವ ಮೊದಲೇ ವಿಷಯಕ್ಕೆ ಬಂದರು. “ನೋಡ್ರೀ ಮಹದೇವು, ಗಡ್ಡೆ ಇದ್ದೋರಿಗೆ ಗಡ್ಡೆ ತೆಗೀರಿ, ತಲೆ ಒಡೆದು ಬಂದೋರಿಗೆ ಹೊಲಿಗೆ ಹಾಕಿ. ಫಿಟ್ಸ್ ಬರೋ ಮಕ್ಕಳ ಮಿದುಳು ಕುಯ್ಯೋದು ಬೇಡ. ಒಂದು ಮಗು ಮೂಕ ಆಗಿದ್ದು ಸಾಲ್ದಾ?”

ಮದರಾಸಿನಲ್ಲಿ ಐದು ವರ್ಷ, ಕೆನಡಾದ ಚಳಿಯಲ್ಲಿ ಎರಡು ವರ್ಷ ನಾನು ಕಲಿತದ್ದು ಇದೊಂದೇ. ಮಾತ್ರೆಗೆ ಬಗ್ಗದ ಮೂರ್ಛೆರೋಗವಿರುವ ಮಕ್ಕಳ ಮಿದುಳಿನಲ್ಲಿ ಕೆಟ್ಟ ಜಾಗ ಎಲ್ಲಿದೆ ಎಂದು ಹುಡುಕಿ, ಅದನ್ನು ತೆಗೆಯುವುದು. ಈ ಊರಿನಲ್ಲಿ ಆ ಕೆಲಸ ಗೊತ್ತಿರುವವನು ನಾನೊಬ್ಬ. ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುವುದು ಇಂಥವರನ್ನು ನೋಡಿಯೇ ಇರಬೇಕು.

ಅವರು ಹೇಳಿದ ಮಗು ಲಕ್ಷ್ಮೀನರಸಿಂಹ, ಒಂಬತ್ತು ವರ್ಷ. ಜಟಕಾ ಹೊಡೆಯುವ ಪುಟ್ಟಸ್ವಾಮಿಯ ಮಗ. ಮಾರ್ಚ್ ಕೊನೆಯಲ್ಲಿ ಆಪರೇಷನ್ ಮಾಡಿದೆ. ದಿನಕ್ಕೆ ಹತ್ತು ಸಲ ಬೀಳುತ್ತಿದ್ದ ಹುಡುಗ ಅಂದಿನಿಂದ ಒಂದು ಸಲವೂ ಬಿದ್ದಿಲ್ಲ. ಅಂದಿನಿಂದ ಒಂದು ಮಾತೂ ಆಡಿಲ್ಲ. ನಾನು ಕೈ ಹಾಕಿದ್ದು ಮಿದುಳಿನ ಬಲಭಾಗಕ್ಕೆ. ಬಲಗೈ ರೂಢಿಯವರಿಗೆ ಮಾತಿನ ಜಾಗ ಇರುವುದು ಎಡಭಾಗದಲ್ಲಿ. ಎಡಗೈ ರೂಢಿಯವರಾದರೆ ಮಾತ್ರ ಯಾವ ಕಡೆ ಎಂದು ಹೇಳಲಾಗದು. ಹುಡುಗನ ಕಾಗದದಲ್ಲಿ ಬಲಗೈ ಎಂದು ಸ್ಪಷ್ಟವಾಗಿ ಬರೆದಿದೆ. ಹಾಗಾದರೆ ಮಾತು ಎಲ್ಲಿಗೆ ಹೋಯಿತು? ಅಪ್ಪ ಏನನ್ನೋ ಮುಚ್ಚಿಟ್ಟಿದ್ದಾನೆ. ಹುಡುಗ ಹಿಂದೆ ಬಿದ್ದು ತಲೆಗೆ ಪೆಟ್ಟಾಗಿರಬೇಕು, ಇಲ್ಲವೇ ಜ್ವರ ಬಂದಿರಬೇಕು. ಅವನಿಗೇ ನೇರವಾಗಿ ಹೇಳಿದ್ದೇನೆ. ಈ ಜನ ಡಾಕ್ಟರ ಹತ್ತಿರ ಅರ್ಧ ಹೇಳುತ್ತಾರೆ, ಪೂಜಾರಿಯ ಹತ್ತಿರ ಪೂರ್ತಿ ಹೇಳುತ್ತಾರೆ.

೧೧ ಜುಲೈ, ಮಂಗಳವಾರ

ದೇವರಾಜ ಮಾರುಕಟ್ಟೆಯಲ್ಲಿ ಸೊಪ್ಪು ಮಾರುವ ಒಬ್ಬ ಹೆಂಗಸು ಮಗಳನ್ನು ಕರೆದುಕೊಂಡು ಬಂದಿದ್ದಳು. ಬೆಟ್ಟಮ್ಮ ಅಂತ ಹೆಸರು, ಗಂಡ ಸತ್ತು ನಾಲ್ಕು ವರ್ಷ. ಮಗಳು ನಾಗಮಣಿಗೆ ಹನ್ನೊಂದು. ನನ್ನೆದುರಿಗೇ ಹುಡುಗಿಗೆ ಫಿಟ್ಸ್ ಬಂತು. ಮೊದಲು ಮೂಗು ಮುರಿದು “ರೊಟ್ಟಿ ಸೀದೋಯ್ತಾ ಅದೆ” ಎಂದಳು. ಬಾಯಿ ಏನನ್ನೋ ಅಗಿಯುವ ಹಾಗೆ ಆಡತೊಡಗಿತು. ಕತ್ತು ಎಡಕ್ಕೆ ತಿರುಗಿತು, ದೊಪ್ಪನೆ ಬಿದ್ದಳು. ಆ ಹೆಂಗಸು ಸೊಂಟದಿಂದ ಬೀಗದಕೈ ಗೊಂಚಲು ಕಿತ್ತು ಮಗಳ ಮುಷ್ಟಿಗೆ ತುರುಕಿದಳು.

ಕಿತ್ತು ಬಿಸಾಡಿದೆ. ಕಬ್ಬಿಣ ಹಿಡಿಸಿದರೆ ಮಿದುಳು ಸರಿಹೋಗುವುದಾಗಿದ್ದರೆ ನಾನು ಕಮ್ಮಾರನಾಗಿರುತ್ತಿದ್ದೆ ಎಂದು ಕೂಗಿದೆ. ಹುಡುಗಿಯ ಸೊಂಟದಲ್ಲಿ ಹಗ್ಗ ಉಜ್ಜಿದ ಗುರುತು ಕಂಡಿತು. ಏನಿದು ಎಂದೆ.

“ಯಾಪಾರಕ್ಕೆ ಓಗುವಾಗ ಕಂಬಕ್ಕೆ ಕಟ್ಬುಟ್ಟು ಓಯ್ತೀನಿ ಸ್ವಾಮಿ. ಓದ್ವರ್ಸ ಒಲೆ ಮೇಲ್ ಬಿದ್ಬುಟ್ಲು.” ತೋಳಿನ ಸುಟ್ಟ ಕಲೆ ತೋರಿಸಿದಳು.

ಮಗುವನ್ನು ಕರುವಿನ ಹಾಗೆ ಕಟ್ಟಿ ಹಾಕುವವಳು ತಾಯಿಯೋ ಎಂದು ಚೆನ್ನಾಗಿ ಉಗಿದೆ. ಹೊರಗೆ ಕೂತಿದ್ದ ಜನವೆಲ್ಲ ಎದ್ದು ಬಾಗಿಲ ಹತ್ತಿರ ಬಂದಿತ್ತು. ಅವಳು ತಲೆ ತಗ್ಗಿಸಿಕೊಂಡು ನಿಂತಿದ್ದಳು, ಹುಡುಗಿ ಎಚ್ಚರವಾಗಿ ನನ್ನನ್ನೇ ಪಿಳಿಪಿಳಿ ನೋಡುತ್ತಿತ್ತು. ವಾರ್ಡಿಗೆ ಸೇರಿಸಿಕೊಂಡೆ.

೧೪ ಜುಲೈ

ದಿನಕ್ಕೆ ಏಳು ಸಲ, ಎಂಟು ಸಲ. ಎರಡು ಬಗೆಯ ಮಾತ್ರೆ ಕೊಟ್ಟಾಯಿತು. ಮಾತ್ರೆ ಹೆಚ್ಚಿಸಿದರೆ ಹುಡುಗಿ ತೂಗಾಡುತ್ತದೆ, ಇಳಿಸಿದರೆ ಬೀಳುತ್ತದೆ. ಇದಕ್ಕಿರುವುದು ಆಪರೇಷನ್ ಒಂದೇ. ಮಾಡಲು ಬಿಡುವುದಿಲ್ಲ.

೨೪ ಜುಲೈ, ಸೋಮವಾರ

ಮಿದುಳಿನ ಅಲೆ ಬರೆಯುವ ಯಂತ್ರ ಇರುವುದು ಬೆಂಗಳೂರಿನಲ್ಲಿ. ನಾನೇ ತಾಯಿ ಮಗಳನ್ನು ರೈಲಿನಲ್ಲಿ ಕರೆದುಕೊಂಡು ಹೋಗಿ ಬರೆಸಿಕೊಂಡು ಬಂದೆ. ಕೆಟ್ಟ ಜಾಗ ಬಲಗಿವಿಯ ಮೇಲುಗಡೆ, ಒಳಗೆ. ಹುಡುಗನದೂ ಅದೇ ಜಾಗ. ತಲೆಯ ಒಳಗೆ ಗಾಳಿ ತುಂಬಿ ತೆಗೆದ ಎಕ್ಸ್‌ರೇಯಲ್ಲೂ ಅಲ್ಲೇ ಸುಕ್ಕು ಕಾಣುತ್ತದೆ. ಹುಡುಗಿಯ ಕಾಗದದಲ್ಲೂ ಬಲಗೈ ಎಂದಿದೆ. ಮಾತಿಗೆ ಅಪಾಯವಿಲ್ಲ.

ಶಿವರುದ್ರಪ್ಪನವರ ಮುಂದೆ ಇದನ್ನೆಲ್ಲ ಹರಡಿದೆ. “ಆ ಹುಡುಗನ ಕಾಲಕ್ಕೂ ನೀವು ಇದೇ ಮಾತು ಹೇಳಿದ್ರಿ” ಎಂದರು. ನಾನು ಮೇಜು ಗುದ್ದಿದೆ. ಅವರ ಶಾಯಿಬುಡ್ಡಿ ಉರುಳಿ ಬಿಳಿ ಪಂಚೆಗೆಲ್ಲ ಶಾಯಿ ಚೆಲ್ಲಿತು. ಅರ್ಧ ಗಂಟೆ ಇಬ್ಬರೂ ಕಚ್ಚಾಡಿದ ಮೇಲೆ ಒಪ್ಪಿದರು. “ಇದೊಂದು. ಇದ್ರಲ್ಲಿ ಹೆಚ್ಚುಕಮ್ಮಿ ಆದ್ರೆ ಇನ್ನು ಯಾವ ಮಗು ತಲೆಗೂ ನೀವು ಕೈ ಹಾಕೋ ಹಾಗಿಲ್ಲ. ಬರ್ದು ಕೊಡಿ.” ಬರೆದು ಕೊಟ್ಟೆ. ಹಾಳಾಗಿ ಹೋಗಲಿ.

೨ ಆಗಸ್ಟ್, ಬುಧವಾರ

ಹೊರರೋಗಿಗಳ ಸಾಲಿನಲ್ಲಿ ಪುಟ್ಟಸ್ವಾಮಿ ಮಗನ ಕೈ ಹಿಡಿದು ನಿಂತಿದ್ದ. ತಿಂಗಳಿಗೊಂದು ಸಲ ಬರುತ್ತಾನೆ. ಬಂದು ಎರಡೂ ಕೈ ಜೋಡಿಸಿ, “ಬೀಳೋದು ನಿಂತದೆ ಸ್ವಾಮಿ, ನಿಮ್ ಪುಣ್ಯ” ಎನ್ನುತ್ತಾನೆ. ಕೈ ಮುಗಿಯುತ್ತಾನೆ! ಎರಡು ಬೈಯಬಾರದೆ? ಕಲ್ಲು ತೆಗೆದು ಹೊಡೆಯಬಾರದೆ? ಹುಡುಗ ಗೋಡೆ ನೋಡಿಕೊಂಡು ನಿಂತಿರುತ್ತಾನೆ. ಮೈಯೆಲ್ಲ ಉರಿಯುತ್ತದೆ ನನಗೆ. ಇವತ್ತು ನೋಡಲಿಲ್ಲ. ಕೆಲಸವಿದೆ ಎಂದು ಹಿಂಬಾಗಿಲಿನಿಂದ ಹೋದೆ. ವಾರ್ಡಿನ ಸಿಸ್ಟರ್ ಭಾಗ್ಯಮ್ಮ ಮಾತ್ರೆ ಕೊಟ್ಟು ಕಳಿಸಿದರಂತೆ.

೮ ಆಗಸ್ಟ್, ಮಂಗಳವಾರ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಬೆಳಿಗ್ಗೆ ವಾರ್ಡಿಗೆ ಹೋದಾಗ ನಾಗಮಣಿ ಜಗಲಿಯಲ್ಲಿ ಪಕ್ಕದ ಮಂಚದ ಹುಡುಗಿಯ ಜೊತೆ ಕಲ್ಲಾಟ ಆಡುತ್ತಿತ್ತು. ಒಂದು ಕಲ್ಲು ಮೇಲಕ್ಕೆಸೆದು, ಅದು ಬೀಳುವುದರೊಳಗೆ ನೆಲದ ಮೇಲಿನ ನಾಲ್ಕನ್ನು ಬಾಚಿಕೊಳ್ಳುವುದು. ಮಿಂಚಿನಂಥ ಕೈ. ಎಡಗೈ. ನನ್ನನ್ನು ಕಂಡ ಕೂಡಲೇ ಕಲ್ಲುಗಳನ್ನು ಬಲಗೈಗೆ ಬದಲಾಯಿಸಿತು. ಬಲಗೈಯಲ್ಲಿ ಒಂದು ಕಲ್ಲೂ ನಿಲ್ಲಲಿಲ್ಲ.

ಬೆಟ್ಟಮ್ಮನನ್ನು ಕರೆಸಿ ಕೇಳಿದೆ. ಮಗಳು ಬಲಗೈಯವಳೇ ಎಂದು ಮೂರು ಸಲ ಆಣೆ ಹಾಕಿದಳು. ಕೂಗಿದೆ. ಆಗ ಅಳುತ್ತಾ ಬಾಯಿಬಿಟ್ಟಳು. ಹುಡುಗಿಗೆ ಹುಟ್ಟಿನಿಂದ ಎಡಗೈಯೇ ರೂಢಿ. ಬೆಟ್ಟಮ್ಮನ ಅತ್ತೆ ಆ ಕೈಗೆ ಬಟ್ಟೆ ಸುತ್ತಿ ಬೆನ್ನಿಗೆ ಕಟ್ಟುತ್ತಿದ್ದಳಂತೆ, ಬೆರಳಿಗೆ ಬೇವಿನೆಣ್ಣೆ ಬಳಿಯುತ್ತಿದ್ದಳಂತೆ. ಎರಡು ವರ್ಷ ಬಡಿದು ಬಡಿದು ಬಲಗೈಯಲ್ಲಿ ಉಣ್ಣುವುದು ಕಲಿಸಿದರು. “ಬೀಳೋ ಉಡ್ಗಿ ಅಂತ ಒಂದ್ ಎಸ್ರು ಬಂದದೆ ಸ್ವಾಮಿ. ಎಡಚಿ ಅಂತ ಇನ್ನೊಂದ್ ಎಸ್ರು ಬಂದ್ರೆ ಯಾರ್ ಮದ್ವೆ ಆಯ್ತಾರೆ?”

“ಬರುವ ಸೋಮವಾರ ಅದರ ತಲೆ ತೆರೆಯುತ್ತಿದ್ದೆನಲ್ಲ, ಮಾತೇ ಹೋಗಿಬಿಡುತ್ತಿತ್ತಲ್ಲ! ಆಸ್ಪತ್ರೆಯಲ್ಲಿ ಸುಳ್ಳು ಹೇಳುತ್ತೀಯಾ?” ಎಂದು ಕಿರುಚಿದೆ. ಹುಡುಗಿ ಮಂಚದ ಕೆಳಗೆ ಸೇರಿಕೊಂಡಿತು.

ಆಗ ಭಾಗ್ಯಮ್ಮ ನಡುವೆ ಬಂದು ನಿಂತರು. ಹದಿನಾರು ತಿಂಗಳಲ್ಲಿ ನನ್ನೆದುರು ದನಿ ಎತ್ತದ ಹೆಂಗಸು. “ಸಾರ್, ಆಯಮ್ಮ ಸುಳ್ಳು ಹೇಳಿದ್ದು ಇವತ್ತು. ಸೇರಿಸ್ಕೊಂಡ ದಿನ ನಿಜಾನೇ ಹೇಳಿದ್ರು. ನೀವು ಕೇಳಿದ್ದೇನು, ಕಾಗದ ನೋಡಿ.”

ನೋಡಿದೆ. ‘ಊಟದ ಕೈ: ಬಲ.’

ಆ ಕಾಗದ ನಾನೇ ಮಾಡಿಸಿದ್ದು. ಕೆನಡಾದಿಂದ ತಂದ ಪ್ರಶ್ನೆಪಟ್ಟಿಯನ್ನು ನಮ್ಮ ನರ್ಸುಗಳಿಗೆ ಅನುಕೂಲವಾಗಲಿ ಎಂದು ಕನ್ನಡಕ್ಕಿಳಿಸಿ, ಕಲ್ಲಚ್ಚು ಹಾಕಿಸಿ ಹಂಚಿದ್ದೆ. ‘ಎಡಗೈಯೋ ಬಲಗೈಯೋ’ ಎಂದು ಮೊದಲು ಬರೆದಿದ್ದೆ. ಎರಡನೆಯ ದಿನವೇ ಒಬ್ಬ ಮುದುಕ ಎದ್ದು ನಿಂತು, “ಆಸ್ಪತ್ರೇಲೂ ಜಾತಿ ಕೇಳ್ತೀರಾ?” ಎಂದು ಜಗಳಕ್ಕೆ ಬಂದ. ನಮ್ಮ ಕಡೆ ಎಡಗೈ ಬಲಗೈ ಎಂದರೆ ಜಾತಿಯ ಒಳಪಂಗಡದ ಹೆಸರೂ ಹೌದಲ್ಲ. ಹೆಡ್ ಕ್ಲರ್ಕ್ ಗುರುಸಿದ್ದಯ್ಯ ಬದಲಾಯಿಸಿ ಎಂದರು. ನಾನು ಒಂದು ಕ್ಷಣವೂ ಯೋಚಿಸದೆ ‘ಊಟದ ಕೈ’ ಎಂದು ತಿದ್ದಿದೆ. ಎಂಥ ಸಲೀಸಾದ ಕನ್ನಡ ಎಂದು ಬೆನ್ನು ತಟ್ಟಿಕೊಂಡಿದ್ದೆ ಕೂಡ.

ಈ ಊರಿನಲ್ಲಿ ಎಡಗೈಯಲ್ಲಿ ಉಣ್ಣುವ ಮಗು ಎಲ್ಲಿದೆ? ಯಾವ ಕೈ ರೂಢಿಯಿದ್ದರೂ ಉಣ್ಣುವುದು ಬಲಗೈಯಲ್ಲೇ. ನಾನೇನು ಕೆನಡಾದಲ್ಲಿ ಹುಟ್ಟಿದವನೆ? ನಂಜನಗೂಡಿನ ಪಕ್ಕದ ಹಳ್ಳಿಯಲ್ಲಿ ಪಂಕ್ತಿಯಲ್ಲಿ ಕೂತು ಮುದ್ದೆ ಮುರಿದವನು. ಎಡಗೈ ಎಲೆಗೆ ತಾಗಿದರೆ ಅಜ್ಜಿ ಸೌಟಿನಲ್ಲಿ ಹೊಡೆಯುತ್ತಿದ್ದಳು.

೯ ಆಗಸ್ಟ್

ಹುಡುಗನ ಕಾಗದ ತೆಗೆಸಿ ನೋಡಿದೆ. ಊಟದ ಕೈ: ಬಲ. ನನ್ನದೇ ಅಕ್ಷರ.

೧೨ ಆಗಸ್ಟ್, ಶನಿವಾರ

ಮೂರು ದಿನದಿಂದ ಯಾರೊಂದಿಗೂ ಮಾತಿಲ್ಲ. ಅಕ್ಕ ಕೇಳಿದಳು, ಹೇಳಿದೆ. ಹೇಳುತ್ತಾ ಹೇಳುತ್ತಾ ಮತ್ತೆ ಕೂಗತೊಡಗಿದೆ. ಎಡಗೈ ಕಟ್ಟುವ ಅಜ್ಜಿಯರನ್ನು, ಜಾತಿಯನ್ನು, ಗುರುಸಿದ್ದಯ್ಯನನ್ನು ಎಲ್ಲರನ್ನೂ ಬೈದೆ. ಅಕ್ಕ ಅಕ್ಕಿ ಆರಿಸುವುದನ್ನು ನಿಲ್ಲಿಸಲಿಲ್ಲ. “ಸಿಟ್ಟಲ್ಲಿ ಕೊಯ್ದ ಮೂಗು ಶಾಂತವಾದ್ಮೇಲೆ ಬಂದೀತೇನೋ? ಮುಂದಿಂದು ನೋಡು” ಎಂದಳು. ನಾನು ಸಿಟ್ಟಿನಲ್ಲಿ ಕೊಯ್ದದ್ದಲ್ಲ ಅದು ಎಂದು ಅವಳ ಮೇಲೂ ರೇಗಿದೆ.

ಮಧ್ಯಾಹ್ನ ವಾರ್ಡಿಗೆ ಹೋದೆ. ಬೆಟ್ಟಮ್ಮ ನೆಲದ ಮೇಲೆ ಕೂತಿದ್ದರು. ನಿಂತುಕೊಂಡು ಹೇಳಲು ಸರಿಬರಲಿಲ್ಲ, ನಾನೂ ಕೂತೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ನಿಮ್ಮ ಮಗಳ ಮಾತು ಮಿದುಳಿನ ಯಾವ ಭಾಗದಲ್ಲಿದೆ ಎಂದು ನನಗೆ ಗೊತ್ತಿಲ್ಲ. ಕೆಟ್ಟ ಜಾಗದ ಪಕ್ಕದಲ್ಲೇ ಇರಬಹುದು. ಇನ್ನೊಂದು ಮಗುವಿಗೆ ನನ್ನಿಂದ ಹಾಗೆ ಆಗಿದೆ.

ಅವರು ಮಗಳ ಹೊದಿಕೆ ಸರಿಪಡಿಸಿದರು. ಆಮೇಲೆ, “ಬಿದ್ದೆದ್ಮೇಲೆ ‘ಅವ್ವ, ಎಲ್ ಬಿದ್ದೆ, ಏಟಾಯ್ತಾ’ ಅಂತ ಅವಳೇ ನನ್ನ ಕೇಳ್ತಳೆ ಸ್ವಾಮಿ. ಅದೊಂದಿರ್ಲಿ. ಬೀಳೋದು ನಿಲ್ದಿದ್ರೆ ಓಗ್ಲಿ, ಅದ್ನ ಮಾತ್ರ ಕಳೀಬ್ಯಾಡಿ” ಎಂದರು.

ಒಂದು ದಾರಿಯಿದೆ ಎಂದೆ. ಹುಡುಗಿಗೆ ನಿದ್ದೆ ಬರಿಸದೆ, ತಲೆಯ ಚರ್ಮಕ್ಕೆ ಮಾತ್ರ ಮರಗಟ್ಟುವ ಮದ್ದು ಚುಚ್ಚಿ, ಮಾತಾಡಿಸುತ್ತಲೇ ಆಪರೇಷನ್ ಮಾಡುವುದು. ಮಿದುಳಿಗೆ ನೋವು ತಿಳಿಯುವುದಿಲ್ಲ. ತೆಗೆಯುವ ಮೊದಲು ಒಂದೊಂದು ಜಾಗಕ್ಕೂ ಸಣ್ಣ ಕರೆಂಟು ತಾಗಿಸುತ್ತೇನೆ. ಮಾತಿನ ಜಾಗಕ್ಕೆ ತಾಗಿದರೆ ಆ ಗಳಿಗೆ ಮಾತು ನಿಲ್ಲುತ್ತದೆ. ಅಲ್ಲಿ ಮುಟ್ಟುವುದಿಲ್ಲ.

ಬೆಟ್ಟಮ್ಮ ಒಂದೇ ಪ್ರಶ್ನೆ ಕೇಳಿದರು. “ಮಾತಾಡ್ಸೋರ್ಯಾರು?”

೧೬ ಆಗಸ್ಟ್

ಮಾತಾಡಿಸುವವನು ನಾನೇ ಎಂದುಕೊಂಡಿದ್ದೆ. ಎರಡು ದಿನದಿಂದ ಪ್ರಯತ್ನಿಸುತ್ತಿದ್ದೇನೆ. ಕೆನಡಾದ ಚಿತ್ರದ ಕಾರ್ಡು ಹಿಡಿದು ಇದೇನು, ಇದೇನು ಎಂದರೆ ನಾಗಮಣಿ ಬಾಯಿ ಬಿಡುವುದಿಲ್ಲ. ಲಂಗರು, ಹಿಮದ ಮೇಲಿನ ಜಾರುಬಂಡಿ, ಹೊಗೆಗೂಡು. ಪಾಪ, ಅದಕ್ಕೆ ಹೇಗೆ ಗೊತ್ತಿರಬೇಕು ಎಂದು ಬೆಕ್ಕು ತೋರಿಸಿದೆ. ಬೆಕ್ಕಿಗೂ ಮಾತಿಲ್ಲ. ರೇಗಿತು. ರೇಗಿದ್ದು ಕಂಡು ಇನ್ನೂ ಬಿಗಿಯಾಗಿ ತುಟಿ ಮುಚ್ಚಿಕೊಂಡಿತು.

“ನಿಮ್ಮುನ್ ಕಂಡ್ರೆ ಅವಳ್ಗೆ ಭಯ” ಎಂದರು ಬೆಟ್ಟಮ್ಮ. “ನನ್ನ ಬೈದ್ರಲ್ಲ, ಅವತ್ತಿಂದ.”

ಮಾತು ನಿಂತದ್ದು ಕರೆಂಟಿನಿಂದಲೋ ನನ್ನ ಮೇಲಿನ ಭಯದಿಂದಲೋ ತಿಳಿಯದಿದ್ದರೆ ಈ ಆಪರೇಷನ್ನೇ ದಂಡ. ತಾಯಿಯೇ ಒಳಗೆ ಬಂದು ಕೂರಬೇಕು. ಶಿವರುದ್ರಪ್ಪನವರಿಗೆ ಹೇಳಿದ್ದಕ್ಕೆ, “ಸೊಪ್ಪಿನವಳನ್ನ ಥಿಯೇಟರ್ ಒಳಕ್ಕೆ ಬಿಡ್ತೀರಾ? ಮಾರುಕಟ್ಟೆ ಅಂದ್ಕೊಂಡ್ರಾ?” ಎಂದು ಕುರ್ಚಿಯಿಂದ ಎದ್ದರು. ನಾನೂ ಎದ್ದೆ. ಸ್ನಾನ ಮಾಡಿ ಗೌನು ಹಾಕಿಕೊಂಡರೆ ನಿಮಗಿಂತ ಅವರೇನು ಕೊಳಕಲ್ಲ ಎಂದುಬಿಟ್ಟೆ. ಅನ್ನಬಾರದಿತ್ತು, ನಿಜ. ಆದರೆ ಒಪ್ಪಿದರು.

೨೧ ಆಗಸ್ಟ್, ಸೋಮವಾರ

ಅಭ್ಯಾಸ ನಡೆಯುತ್ತಿದೆ. ಕಾರ್ಡುಗಳನ್ನು ಬೆಟ್ಟಮ್ಮನವರು ಒಂದೊಂದಾಗಿ ನೋಡಿ ಪಕ್ಕಕ್ಕಿಟ್ಟರು. “ಇವು ಬ್ಯಾಡ. ಸೊಪ್ಪಾದ್ರೆ ಅವಳ್ಗೆ ಎಲ್ಲಾ ಗೊತ್ತು. ಕಣ್ಮುಚ್ಚಿ ಮೂಸಿದ್ರೂ ಏಳ್ತಾಳೆ.” ಹಸಿ ಎಲೆಯನ್ನು ಒಳಕ್ಕೆ ಬಿಡುವುದಿಲ್ಲ ಎಂದು ಭಾಗ್ಯಮ್ಮ ಜಗಳ ತೆಗೆದು, ಆಮೇಲೆ ಅವರೇ ಹಳೆಯ ಎಕ್ಸ್‌ರೇ ಹಾಳೆಗಳ ಮಸಿ ತೊಳೆದು, ಎರಡು ಹಾಳೆಯ ನಡುವೆ ಒಂದೊಂದು ಎಲೆ ಇಟ್ಟು ಅಂಚು ಅಂಟಿಸಿದರು. ದಂಟು, ಕೀರೆ, ಮೆಂತ್ಯ, ಸಬ್ಬಸಿಗೆ, ಬಸಳೆ, ಹೊನಗೊನೆ, ನುಗ್ಗೆ, ಒಟ್ಟು ಇಪ್ಪತ್ತೆರಡು. ಬೆಟ್ಟಮ್ಮನವರು ಒಂದೊಂದೇ ತೋರಿಸಿದರೆ ಹುಡುಗಿ ಪಟಪಟ ಹೇಳುತ್ತದೆ. ನಾನು ಬಾಗಿಲ ಹಿಂದೆ ನಿಂತು ಕೇಳಿದೆ. ಅಷ್ಟು ಸೊಪ್ಪಿನ ಹೆಸರು ನನಗೇ ಗೊತ್ತಿರಲಿಲ್ಲ.

೨೯ ಆಗಸ್ಟ್, ಮಂಗಳವಾರ

ನಿನ್ನೆ ಆಪರೇಷನ್ ಆಯಿತು. ಆರು ಗಂಟೆ ಹಿಡಿಯಿತು. ನಿನ್ನೆಯೇ ಬರೆಯಬೇಕಿತ್ತು, ಬೆರಳು ಮಡಚಲು ಬರುತ್ತಿರಲಿಲ್ಲ.

ಹುಡುಗಿಯನ್ನು ಎಡಮಗ್ಗುಲಿಗೆ ಮಲಗಿಸಿದೆವು. ಮುಖದ ಮೇಲೆ ಹಸಿರು ಬಟ್ಟೆಯ ಗುಡಾರ. ಅದರೊಳಗೆ ಸ್ಟೂಲಿನ ಮೇಲೆ ಬೆಟ್ಟಮ್ಮನವರು, ಗೌನು, ಮೂಗಿಗೆ ಬಟ್ಟೆ. ನಾನು ಆಚೆ ಕಡೆ ಮೂಳೆ ತೆಗೆಯುವಾಗ ಸದ್ದು ಕೇಳಿ ಹುಡುಗಿ ನಡುಗಿತು. “ಏನೂ ಇಲ್ಲ ಕಣವ್ವ, ಪಕ್ಕದ್ ಬೀದೀಲಿ ಮರ ಕುಯ್ತಾವ್ರೆ” ಎಂದರು ಅವರು. ಇಷ್ಟು ವರ್ಷದಲ್ಲಿ ನನಗೆ ಹೊಳೆಯದ ಮಾತು.

ಮಿದುಳು ಕಾಣಿಸಿತು. ಸಣ್ಣ ತಂತಿ ತಾಗಿಸುತ್ತಾ ಹೋದೆ. ಆ ಕಡೆಯಿಂದ ದನಿ ಬರುತ್ತಿತ್ತು.

“ಇದೇನವ್ವ?”

“ದಂಟು.”

“ಇದು?”

“ಕೀರೆ. ಎಲೆ ತೂತಾಗದೆ, ಹುಳ ತಿಂದದೆ.”

ಒಂದು, ಎರಡು, ಮೂರು. ಹಾಳಾಗಲಿ, ಎಲ್ಲ ಜಾಗದಲ್ಲೂ ಮಾತು ಬರುತ್ತಿದೆ, ಭಯಪಟ್ಟದ್ದು ದಂಡವೇ ಎಂದುಕೊಳ್ಳುವಷ್ಟರಲ್ಲಿ ಹನ್ನೊಂದನೆಯ ಜಾಗಕ್ಕೆ ಬಂದೆ.

“ಇದೇನವ್ವ?”

ಉತ್ತರವಿಲ್ಲ.

“ಇದೇನು ಮಗ?” ಬೆಟ್ಟಮ್ಮನವರ ದನಿ ಸ್ವಲ್ಪವೂ ಅಲುಗಲಿಲ್ಲ. “ಬಾಯ್ ಆಡ್ತಾ ಅದೆ ಸ್ವಾಮಿ, ಮಾತ್ ಬತ್ತಾ ಇಲ್ಲ.”

ತಂತಿ ತೆಗೆದೆ. ಅದೇ ಕ್ಷಣ, “ಹೊನಗೊನೆ! ಗೊತ್ತಿತ್ತು ಕಣವ್ವ, ಬರ್ನಿಲ್ಲ” ಎಂದಿತು ಹುಡುಗಿ.

ಮತ್ತೆ ತಾಗಿಸಿದೆ, ಮತ್ತೆ ನಿಂತಿತು. ಮೂರು ಸಲ ನೋಡಿದೆ. ನಾನು ತೆಗೆಯಬೇಕಿದ್ದ ಭಾಗದ ಮುಂತುದಿಯಿಂದ ನಾಲ್ಕು ಸೆಂಟಿಮೀಟರಿಗೆ, ಬಲಭಾಗದಲ್ಲಿ ಮಾತು ಕೂತಿತ್ತು. ನನ್ನ ಲೆಕ್ಕದ ಪ್ರಕಾರ ಐದು ಸೆಂಟಿಮೀಟರಿನವರೆಗೂ ತೆಗೆಯಬೇಕಿತ್ತು. ಹುಡುಗನಿಗೆ ಐದು ತೆಗೆದಿದ್ದೆ. ಗೆರೆ ಎಳೆದ ಹಾಗೆ, ಅಂದವಾಗಿ ತೆಗೆದಿದ್ದೆ.

ಹುಡುಗಿಗೆ ಮೂರು ತೆಗೆದು ನಿಲ್ಲಿಸಿದೆ. ಕೆಟ್ಟ ಜಾಗ ಒಂದಿಷ್ಟು ಉಳಿದಿದೆ. ಉಳಿಯಲಿ.

ಕೈ ತೊಳೆಯುವಾಗ ಭಾಗ್ಯಮ್ಮ, “ಇವತ್ತು ಒಬ್ರಿಗೂ ಬೈಲಿಲ್ವಲ್ಲ ಸಾರ್, ಮೈಗೆ ಹುಷಾರಿಲ್ವಾ?” ಎಂದರು. ಪುರಸೊತ್ತು ಎಲ್ಲಿತ್ತು?

೩೧ ಆಗಸ್ಟ್

ನಿನ್ನೆಯಿಂದ ಹುಡುಗಿ ಮಾತಾಡುತ್ತಿಲ್ಲ. ಥಿಯೇಟರಿನಲ್ಲಿ ಪಟಪಟ ಮಾತಾಡಿದ ಮಗು. ಕಣ್ಣು ಬಿಡುತ್ತದೆ, ನೀರು ಕುಡಿಯುತ್ತದೆ, ಮಾತಿಲ್ಲ. ಬಾವು ಬಂದಿರುತ್ತದೆ, ಇಳಿದರೆ ಸರಿಹೋಗುತ್ತದೆ ಎಂದು ಶಿವರುದ್ರಪ್ಪನವರಿಗೆ ಹೇಳಿದೆ. ಹುಡುಗನ ಕಾಲಕ್ಕೂ ಇದೇ ಹೇಳಿದ್ದೆ. ಅವರು ಅದನ್ನು ನೆನಪಿಸಲಿಲ್ಲ. ನೆನಪಿಸಿದ್ದರೆ ಜಗಳವಾದರೂ ಆಡಬಹುದಿತ್ತು.

ಬೆಟ್ಟಮ್ಮನವರು ನನ್ನನ್ನು ಏನೂ ಕೇಳುತ್ತಿಲ್ಲ. ಮಾರುಕಟ್ಟೆಗೂ ಹೋಗಿಲ್ಲ.

೧ ಸೆಪ್ಟೆಂಬರ್

ಇಲ್ಲ.

೨ ಸೆಪ್ಟೆಂಬರ್, ಶನಿವಾರ

ಬೆಳಿಗ್ಗೆ ಗಾಯಕ್ಕೆ ಬಟ್ಟೆ ಬದಲಾಯಿಸುತ್ತಿದ್ದೆ. ಬೆಟ್ಟಮ್ಮನವರು ಸೆರಗು ಬಾಯಿಗಿಟ್ಟುಕೊಂಡು ಆ ಕಡೆ ತಿರುಗಿ ಅಳುತ್ತಿದ್ದರು. ಹುಡುಗಿ ಅವರ ಬೆನ್ನನ್ನೇ ನೋಡುತ್ತಿತ್ತು. ಆಮೇಲೆ ತಡೆದು ತಡೆದು ಹೇಳಿತು. “ಯಾಕವ್ವ... ಅಳ್ತೀಯೆ? ಯಾಪಾರಕ್ಕೆ... ಓಗ್ನಿಲ್ವಾ?”

ನಾನು ಕತ್ತರಿ ಕೆಳಗೆ ಹಾಕಿಬಿಟ್ಟೆ. ಭಾಗ್ಯಮ್ಮ ಅತ್ತರು, ಬೆಟ್ಟಮ್ಮನವರು ಅತ್ತರು, ನಾನು ಕತ್ತರಿ ಹುಡುಕುವ ನೆಪದಲ್ಲಿ ಮಂಚದ ಕೆಳಗೆ ಸ್ವಲ್ಪ ಹೊತ್ತು ಬಗ್ಗಿಕೊಂಡೇ ಇದ್ದೆ.

೨೫ ಸೆಪ್ಟೆಂಬರ್, ಸೋಮವಾರ

ಈ ತಿಂಗಳಲ್ಲಿ ಹುಡುಗಿ ಬಿದ್ದದ್ದು ಒಟ್ಟು ಮೂರು ಸಲ. ಪೂರ್ತಿ ನಿಂತಿಲ್ಲ, ನಿಲ್ಲುವುದೂ ಇಲ್ಲ. ಅದನ್ನು ಬೆಟ್ಟಮ್ಮನವರಿಗೆ ಹೇಳಿದೆ. ಮಾತ್ರೆ ತಪ್ಪಿಸಬಾರದು ಎಂದ ಮೇಲೆ, ಬರುವ ತಿಂಗಳಿನಿಂದ ಮಾರುಕಟ್ಟೆಗೆ ಜೊತೆಯಲ್ಲೇ ಕರೆದುಕೊಂಡು ಹೋಗುವುದಾಗಿ ಹೇಳಿದರು. ಕಟ್ಟುವುದಿಲ್ಲವಂತೆ. ನಾನು ಕೇಳಿರಲಿಲ್ಲ.

ಶಿವರುದ್ರಪ್ಪನವರು ಈಗ ಬೆಲ್ಲದ ಹಾಗಾಗಿದ್ದಾರೆ. ಮುಂದಿನ ತಿಂಗಳು ಬೆಂಗಳೂರಿನಲ್ಲಿ ಡಾಕ್ಟರುಗಳ ಸಭೆ. ನಾನು ಹೋಗಿ ಓದಬೇಕಂತೆ, ಆಸ್ಪತ್ರೆಗೆ ಹೆಸರು ಬರುತ್ತದಂತೆ. ಬರೆದುಕೊಂಡು ಹೋಗಿ ತೋರಿಸಿದೆ. ಎರಡು ಮಕ್ಕಳ ವಿಷಯವೂ ಇತ್ತು. ಮೊದಲನೆಯದನ್ನು ಬಿಡಿ ಎಂದರು. ಬಿಡುವುದಿಲ್ಲ ಎಂದೆ.

“ಹಾಗಾದ್ರೆ ‘ತಂದೆ ತಪ್ಪು ಮಾಹಿತಿ ಕೊಟ್ಟ’ ಅಂತ ಒಂದು ಸಾಲು ಸೇರಿಸ್ರಿ. ನಿಮ್ಮ ಒಳ್ಳೇದಕ್ಕೇ ಹೇಳ್ತೀನಿ.”

ನೆತ್ತಿಗೇರಿತು. “ಅವನು ಸರಿಯಾಗೇ ಹೇಳಿದ ಸಾರ್. ತಪ್ಪು ಕೇಳಿದ್ದು ನಾನು” ಎಂದೆ. ಪಡಸಾಲೆಯವರೆಗೂ ಕೇಳಿಸಿರಬೇಕು. ನಿಮ್ಮ ಕಾಲ ಮೇಲೆ ನೀವೇ ಕಲ್ಲು ಹಾಕಿಕೊಳ್ಳುತ್ತೀರಿ ಎಂದರು. ನನ್ನ ಕಾಲು, ನನ್ನ ಕಲ್ಲು.

ಮನೆಗೆ ಬಂದು ಅಕ್ಕನಿಗೆ ಹೇಳಿಕೊಂಡೆ, ಸ್ವಲ್ಪ ಜಂಬದಿಂದಲೇ. ಇಡೀ ಸಭೆಯೆದುರು ನನ್ನ ತಪ್ಪನ್ನು ನಾನೇ ಓದುತ್ತೇನೆ ಎಂದೆ. ಅಕ್ಕ ಹುಳಿ ಕಲಕುತ್ತಾ, “ಆ ಹುಡುಗನ ಅಪ್ಪಂಗೆ ಹೇಳಿದ್ಯಾ?” ಎಂದಳು.

ಊಟ ಬಿಟ್ಟು ಎದ್ದೆ. ಇವಳಿಗೆ ಯಾವಾಗಲೂ ಇದೇ ಬುದ್ಧಿ.

೧ ಅಕ್ಟೋಬರ್, ಭಾನುವಾರ

ಪುಟ್ಟಸ್ವಾಮಿಯ ಮನೆ ಪಡುವಾರಹಳ್ಳಿಯಲ್ಲಿ. ಜಯಲಕ್ಷ್ಮಿಪುರಂನ ನಮ್ಮ ಮನೆಯಿಂದ ನಡೆದರೆ ಹತ್ತು ನಿಮಿಷ. ಆರು ತಿಂಗಳಿನಿಂದ ಅದು ಅಲ್ಲೇ ಇತ್ತು.

ಅಂಗಳದಲ್ಲಿ ಕುದುರೆಯ ಮೈ ಉಜ್ಜುತ್ತಿದ್ದ. ನನ್ನನ್ನು ಕಂಡು ಗಾಬರಿಯಾಗಿ ಕೈ ಮುಗಿದು, ಪಕ್ಕದ ಮನೆಯಿಂದ ಕುರ್ಚಿ ತರಲು ಓಡಿದ. ಹುಡುಗ ಕುದುರೆಗೆ ಹುಲ್ಲು ತಿನ್ನಿಸುತ್ತಿದ್ದ, ಎಡಗೈಯಲ್ಲಿ. ನಾನು ಜಗಲಿಯ ಮೇಲೆ ಕೂತೆ. ಕುರ್ಚಿ ಬೇಡ, ನೀವೂ ಕೂತುಕೊಳ್ಳಿ ಎಂದೆ.

“ಇವನಿಗೆ ಎಡಗೈ ರೂಢಿ ಇತ್ತಾ?”

“ಇತ್ತು ಸ್ವಾಮಿ. ನಾನೇ ಬುಡ್ಸಕ್ ನೋಡ್ದೆ. ಉಣ್ಣೋದ್ ಒಂದ್ ಬಲಗೈಲಿ ಕಲ್ತ. ಮಿಕ್ಕಿದ್ದೆಲ್ಲ ಎಡಗೈಲೇ.”

ನಾನು ಹೇಳಿದೆ. ಕಾಗದದಲ್ಲಿ ಏನು ಕೇಳಿದ್ದೆ, ಏನು ಕೇಳಬೇಕಿತ್ತು, ಕೇಳಿದ್ದರೆ ಆಪರೇಷನ್ ಹೇಗೆ ಮಾಡುತ್ತಿದ್ದೆ ಎಲ್ಲವನ್ನೂ. ಇನ್ನೊಂದು ಮಗುವಿಗೆ ಹಾಗೆ ಮಾಡಿ ಮಾತು ಉಳಿಯಿತು ಎಂಬುದನ್ನೂ. ನಿಮ್ಮ ಮಗನ ಮಾತು ಹೋದದ್ದು ನನ್ನಿಂದ ಎಂದೆ. ಮುಗಿದ ಮೇಲೆ ನೋಡಿದರೆ, ಅಷ್ಟು ಹೊತ್ತೂ ಜೋಡಿಸಿಯೇ ಇದ್ದ ಅವರ ಕೈ ಬಿಟ್ಟುಕೊಂಡಿತ್ತು.

“ನಾನ್ ಕೇಳಿದ್ದೆ ಸ್ವಾಮಿ ನಿಮ್ಮನ್ನ,” ಎಂದರು ಪುಟ್ಟಸ್ವಾಮಿ. “ಮಾತ್ ಯಾಕೋಯ್ತು ಅಂತ ಕೇಳಿದ್ದೆ. ‘ನೀನೇನೋ ಮುಚ್ಚಿಟ್ಟಿದ್ದೀಯ’ ಅಂದ್ರಿ. ಅವತ್ತಿಂದ ನಾನೂ ನನ್ನೆಂಡ್ತೀವೂ ಕೂತ್ಕಂಡು ಏನ್ ಮುಚ್ಚಿಟ್ಟೋ, ಏನ್ ಮುಚ್ಚಿಟ್ಟೋ ಅಂತ ಉಡುಕ್ತಾ ಇದ್ದೀವಿ. ಅವಳು ಬಸ್ರೀಲಿ ನೀರ್ ತರಕ್ ಓಗಿ ಬಾವಿ ತಾವ ಜಾರ್ ಬಿದ್ದಿದ್ಲು, ಅದ್ಕೇ ಇರ್ಬೇಕು ಅಂತ ಒಂದಿನ ಒಡ್ದೆ ಅವಳ್ನ. ಆರ್ ತಿಂಗ್ಳು ಸ್ವಾಮಿ.”

ಒಳಗೆ ಬಾಗಿಲ ಹಿಂದೆ ಬಳೆಯ ಸದ್ದಾಯಿತು. ಯಾರೂ ಹೊರಗೆ ಬರಲಿಲ್ಲ. ಅವರು ಬೈಯಲಿಲ್ಲ, ಹೋಗಿ ಎಂದೂ ಅನ್ನಲಿಲ್ಲ. ನಾನೇ ಕಲಿಸುತ್ತೇನೆ, ದಿನಾ ಸಂಜೆ ಬಂದು ಒಂದೊಂದು ಮಾತು ಕಲಿಸಬಹುದು, ಈ ವಯಸ್ಸಿಗೆ ಎಷ್ಟೋ ಮರಳಿ ಬರುತ್ತದೆ ಎಂದು ಏನೇನೋ ಹೇಳಿದೆ. “ಬನ್ನಿ” ಎಂದರು, ನನ್ನನ್ನು ನೋಡದೆ.

ಏಳುವಾಗ ಹುಡುಗನ ತಲೆಯ ಗಾಯದ ಗುರುತನ್ನು ಒಂದು ಸಲ ನೋಡೋಣವೆಂದು ಅವನ ಹತ್ತಿರ ಹೋಗಿ ಕೈ ಚಾಚಿದೆ. ಅವನು ಹುಲ್ಲು ಕೆಳಗೆ ಹಾಕಿ, ನನ್ನ ಕೈಯನ್ನು ಎಡಗೈಯಿಂದ ತಳ್ಳಿ, ಮುಖ ನೋಡಿಕೊಂಡು, “ಬ್ಯಾಡ” ಎಂದ.

ಸ್ಪಷ್ಟವಾಗಿ ಎಂದ. ಆರು ತಿಂಗಳಲ್ಲಿ ಅವನ ಬಾಯಿಂದ ನಾನು ಕೇಳಿದ ಮೊದಲ ಮಾತು. ಪುಟ್ಟಸ್ವಾಮಿಯವರು, “ಲೇ, ಅಂಗನ್ಬಾರ್ದು, ಡಾಕ್ಟ್ರು” ಎಂದು ಗದರಲು ಬಂದರು. ಗದರಬೇಡಿ, ಅನ್ನಲಿ ಎಂದೆ. ಹುಡುಗ ಇನ್ನೊಂದು ಸಲ ಅಂದ, ಈ ಸಲ ಜೋರಾಗಿ. ನಾನು ಕೈ ತೆಗೆದೆ.